ಮುಚ್ಚಿದರೂ ಮುಗಿಯದ ತಂತ್ರಾಂಶ



ಬಸವನ ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿಯಂಥ ಊರಿನ ಒಂದು ಝೆರಾಕ್ಸ್ ಅಂಗಡಿಯನ್ನು ನೆನೆಸಿಕೊಳ್ಳಿ. ಬೆಳೆ ಪರಿಹಾರದ ಅರ್ಜಿ ಟೈಪ್ ಮಾಡಿಸಲು ಜನ ನಿಂತಿದ್ದಾರೆ. ಕಂಪ್ಯೂಟರ್ ಹಳೆಯದು. ತಂತ್ರಾಂಶದ ಐಕಾನ್ ಒತ್ತಿದರೂ ಏನೂ ಕಾಣಲಿಲ್ಲವೆಂದು ಹುಡುಗ ಮತ್ತೊಮ್ಮೆ, ಮಗದೊಮ್ಮೆ ಒತ್ತುತ್ತಾನೆ. ‘ಯಾಕ್ ತಮ್ಮಾ, ತಡಾ?’ ‘ಇನ್ನೂ ತೆರೀವಲ್ದ್ರಿ ಕಾಕಾ.’ ತೆರೆದಿರುತ್ತದೆ, ಒಂದಲ್ಲ, ಮೂರು ಪ್ರತಿ.

ಕನ್ನಡ ಟೈಪಿಂಗಿನಲ್ಲಿ ಇದರ ತೊಂದರೆ ಹೆಚ್ಚು. 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಇಂಥವು ಪರದೆಯ ಮೂಲೆಯಲ್ಲಿ, ಗಡಿಯಾರದ ಪಕ್ಕ ಸಣ್ಣ ಚಿತ್ರವಾಗಿ ಕೂತು ಕೆಲಸ ಮಾಡಬಲ್ಲವು. ನಾವು ಒತ್ತಿದ ಕೀಲಿಯನ್ನು ನಡುವೆಯೇ ಹಿಡಿದು ಕನ್ನಡ ಅಕ್ಷರ ಮಾಡಿ ಕೊಡುತ್ತವೆ. ಇಂಥ ಎರಡು ಒಟ್ಟಿಗೆ ಚಾಲೂ ಇದ್ದರೆ ಅಕ್ಷರ ಕೆಡುವ ಸಂಭವ ಉಂಟು. ಪಹಣಿಯಲ್ಲಿರುವ ಹೆಸರಿಗೂ ಅರ್ಜಿಯ ಹೆಸರಿಗೂ ತಾಳೆಯಾಗದಿದ್ದರೆ ಅಲೆಯಬೇಕಾದವನು ರೈತ.

ಚೆನ್ನಾಗಿ ಬರೆದ ತಂತ್ರಾಂಶ ತನ್ನ ಎರಡನೆಯ ಪ್ರತಿ ತೆರೆಯದಂತೆ ತಾನೇ ತಡೆಯುತ್ತದೆ. ಮೊದಲ ಪ್ರತಿ ಏಳುವಾಗಲೇ ವಿಂಡೋಸ್ ಬಳಿ ತನ್ನದೊಂದು ಹೆಸರು ನೋಂದಾಯಿಸುತ್ತದೆ. ಅದಕ್ಕೆ ಮ್ಯೂಟೆಕ್ಸ್ ಎನ್ನುತ್ತಾರೆ. ಎರಡನೆಯ ಪ್ರತಿ ಅದೇ ಹೆಸರು ಕೇಳಿದಾಗ ‘ಆಗಲೇ ಇದೆ’ ಎಂಬ ಉತ್ತರ ಬರುತ್ತದೆ. ಆಗ ಅದು ಹಳೆಯ ಕಿಟಕಿಯನ್ನು ಮುಂದೆ ತಂದು ತಾನು ಹಿಂದೆ ಸರಿಯಬೇಕು. ‘ಈ ತಂತ್ರಾಂಶ ಆಗಲೇ ತೆರೆದಿದೆ’ ಎಂದು ಕನ್ನಡದಲ್ಲೇ ಹೇಳಿದರೆ ಇನ್ನೂ ಒಳ್ಳೆಯದು. ಕನ್ನಡಕ್ಕಾಗಿ ತಂತ್ರಾಂಶ ಬರೆಯುವವರಲ್ಲಿ ಇದು ನನ್ನ ವಿನಂತಿ.

ಕೆಲವು ತಂತ್ರಾಂಶಗಳು ಮ್ಯೂಟೆಕ್ಸ್ ಬದಲು, ತಾವು ತೆರೆದಿರುವ ಗುರುತಿಗೆ, ‘ಬೀಗದ ಫೈಲು’ ಎಂಬ ಫೈಲಿನಲ್ಲಿ ವಿಂಡೋಸ್ ಕೊಟ್ಟ ತಮ್ಮ ಪ್ರೊಸೆಸ್ ನಂಬರು ಬರೆದಿಡುತ್ತವೆ. ಕರೆಂಟ್ ಹೋದರೆ ಪ್ರತಿ ಸಾಯುತ್ತದೆ, ಫೈಲು ಉಳಿಯುತ್ತದೆ. ಮರುದಿನ ಇಲ್ಲದ ಪ್ರತಿಗೆ ಹೆದರಿ ತಂತ್ರಾಂಶ ತೆರೆಯುವುದೇ ಇಲ್ಲ. ಆ ನಂಬರನ್ನು ವಿಂಡೋಸ್ ಬೇರೆ ಯಾವುದಕ್ಕೋ ಕೊಟ್ಟಿರಲೂಬಹುದು. ಹಾಗಾಗಿ ತಂತ್ರಾಂಶ ನಂಬರಿನ ಜೊತೆ ಆ ಪ್ರೊಸೆಸ್‌ನ ಹೆಸರನ್ನೂ ನೋಡಬೇಕು. ಮ್ಯೂಟೆಕ್ಸಿಗೆ ಈ ಕಾಟವಿಲ್ಲ, ಪ್ರತಿ ಸತ್ತೊಡನೆ ವಿಂಡೋಸೇ ಅದನ್ನು ಅಳಿಸುತ್ತದೆ.

ಇನ್ನು, ಆಗಲೇ ತೆರೆದುಕೊಂಡಿರುವ ಹೆಚ್ಚಿನ ಪ್ರತಿಗಳನ್ನು ಮುಚ್ಚುವ ಬಗೆ. ಮೊದಲು ಮೂಲೆಯ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಎಕ್ಸಿಟ್’ ಆರಿಸಿ. ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅಲ್ಲಿ ‘ಎಂಡ್ ಟಾಸ್ಕ್’ ಒತ್ತುವ ಮುನ್ನ, ಯಾವ ಪ್ರತಿಯಲ್ಲಿ ಅರ್ಜಿ ಅರ್ಧಕ್ಕೆ ನಿಂತಿದೆ ನೋಡಿ, ಸೇವ್ ಮಾಡಿ. ಬಲವಂತವಾಗಿ ಕೊಂದ ಪ್ರತಿ ‘ಉಳಿಸಲೇ?’ ಎಂದು ಕೇಳುವುದಿಲ್ಲ. ಕ್ರೋಮ್ ಹೆಸರು ಹತ್ತಾರು ಸಾಲಿನಲ್ಲಿ ಕಂಡರೆ ಗಾಬರಿ ಬೇಡ. ಅದು ತನ್ನ ಪುಟಗಳನ್ನು ಬೇರೆಬೇರೆ ಪ್ರೊಸೆಸ್‌ಗಳಲ್ಲಿ ನಡೆಸುತ್ತದೆ. ಅವನ್ನು ಹಾಗೇ ಬಿಡಿ.