ಭೈರರಸರ ಕಾರ್ಕಳ

ಪಡುವಣ ಘಟ್ಟದ ಬುಡದಲ್ಲಿ, ಉಡುಪಿಯಿಂದ ಸುಮಾರು 38 ಕಿಲೋಮೀಟರು ದೂರದಲ್ಲಿ ಕಾರ್ಕಳವೆಂಬ ಊರುಂಟು. ಊರು ದೊಡ್ಡದಲ್ಲ, ಅದರ ಹೆಗ್ಗುರುತುಗಳು ಮಾತ್ರ ಬಹು ದೊಡ್ಡವು. ಕರಿಯ ಕಲ್ಲಿನಿಂದಲೇ ಇದಕ್ಕೆ ಈ ಹೆಸರು ಬಂದಿತೆಂದು ಜನರು ಹೇಳುವುದುಂಟು. ಹಿಂದೆ ಇದನ್ನು ಪಾಂಡ್ಯನಗರಿಯೆಂದೂ ಕರೆಯುತ್ತಿದ್ದರು. ಕಳಸದಲ್ಲಿಯೂ ಕಾರ್ಕಳದಲ್ಲಿಯೂ ಆಳಿದ ಭೈರರಸರು ಸಾಂತರ ಕುಲದವರು, ಜೈನಮತಾವಲಂಬಿಗಳು. ಅವರ ಹೆಸರು ಇಂದಿಗೂ ನಮ್ಮ ಬಾಯಲ್ಲಿ ಉಳಿದಿರುವುದು ಏತರಿಂದ ಎಂಬುದನ್ನು ಈ ಹೊತ್ತು ವಿಚಾರಿಸೋಣ.

ಮೊದಲು ನೀರನ್ನು ನೋಡೋಣ. ಪಾಂಡ್ಯದೇವನೆಂಬ ಅರಸು 1262ರಲ್ಲಿ ಆನೆಕೆರೆಯನ್ನು ಕಟ್ಟಿಸಿದನೆಂದು ಪ್ರತೀತಿ. ಅರಮನೆಯ ಆನೆಗಳು ಮೀಯುತ್ತಿದ್ದುದರಿಂದ ಅದಕ್ಕೆ ಆ ಹೆಸರು. ಕೆರೆಯ ನಡುವೆ 1545ರಲ್ಲಿ ಒಂದು ಬಸದಿಯೂ ಎದ್ದಿತು. ಆನೆಗಳು ಹೋದವು, ಆನೆಯೇರಿದವರೂ ಹೋದರು; ಕೆರೆಯೂ ಅದರ ನಡುವಣ ಬಸದಿಯೂ ಉಳಿದಿವೆ.

ಇನ್ನು ಬೆಟ್ಟವನ್ನು ಹತ್ತೋಣ. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನೇರಿದರೆ 42 ಅಡಿ ಎತ್ತರದ ಏಕಶಿಲೆಯ ಗೊಮ್ಮಟಮೂರ್ತಿ ಎದುರು ನಿಲ್ಲುತ್ತದೆ. ಗುರು ಲಲಿತಕೀರ್ತಿಗಳ ಉಪದೇಶದಂತೆ ವೀರಪಾಂಡ್ಯ ಭೈರರಸನು ಇದನ್ನು 1432ನೆಯ ಇಸವಿ ಫೆಬ್ರವರಿ 13ರಂದು ಪ್ರತಿಷ್ಠೆ ಮಾಡಿಸಿದನು. ನಾಲ್ಕು ವರ್ಷಗಳ ಬಳಿಕ, 1436ರಲ್ಲಿ, ಮುಂದುಗಡೆ ಬ್ರಹ್ಮದೇವನ ಕಂಬವೂ ನಿಂತಿತು. ಬಾಹುಬಲಿಯ ಕಥೆ ನಿಮಗೆಲ್ಲ ತಿಳಿದದ್ದೇ: ಅಣ್ಣನನ್ನು ಗೆದ್ದು, ಗೆದ್ದ ನಾಡನ್ನೇ ತೊರೆದು ತಪಸ್ಸಿಗೆ ನಿಂತವನು ಆತ. ಗೆಲ್ಲುವುದೇ ಕುಲಧರ್ಮವಾಗಿದ್ದ ಒಬ್ಬ ಅರಸನು, ಗೆದ್ದು ಬಿಟ್ಟುಕೊಟ್ಟವನ ಮೂರ್ತಿಯನ್ನು ತನ್ನ ರಾಜಧಾನಿಯ ನೆತ್ತಿಯ ಮೇಲೆ ನಿಲ್ಲಿಸಿದನೆಂಬುದನ್ನು ನಾವು ಸ್ವಲ್ಪ ಮನಸ್ಸಿಟ್ಟು ಯೋಚಿಸಬೇಕು.

ಈ ಬೆಟ್ಟಕ್ಕೆ ಎದುರಾಗಿ, ಇನ್ನೊಂದು ಸಣ್ಣ ಬಂಡೆಯ ಮೇಲೆ ಚತುರ್ಮುಖ ಬಸದಿಯಿದೆ. ಇದರ ವಿಷಯದಲ್ಲಿ ಜನರು ಒಂದು ಕಥೆಯನ್ನು ಹೇಳುತ್ತಾರೆ. ಶೃಂಗೇರಿಯ ನರಸಿಂಹ ಭಾರತಿ ಸ್ವಾಮಿಗಳು ಕಾರ್ಕಳಕ್ಕೆ ಬಂದಾಗ, ತಮ್ಮ ಪೂಜೆಗೆ ತಕ್ಕ ದೇವಾಲಯವಿಲ್ಲವೆಂದರಂತೆ. ಇಮ್ಮಡಿ ಭೈರರಸನು ನೇಮಿನಾಥನಿಗಾಗಿ ಕಟ್ಟಿಸಿದ್ದ ಮಂದಿರವನ್ನು ಅನಂತಶಯನನಿಗೆ ಬಿಟ್ಟುಕೊಟ್ಟು, ತನ್ನ ದೇವರಿಗೆ ಬೇರೆ ಬಸದಿಯನ್ನು ಕಟ್ಟಿಸಿದನಂತೆ. ಕಥೆ ಹೇಗೇ ಇರಲಿ, ಬಸದಿಯ ಕಾಲಕ್ಕೆ ಶಾಸನದ ಆಧಾರವುಂಟು: 1586ನೆಯ ಇಸವಿ. ಶಾಸನವು ಅದನ್ನು ತ್ರಿಭುವನತಿಲಕ ಜಿನಚೈತ್ಯಾಲಯವೆಂದು ಕರೆಯುತ್ತದೆ. ಅಲ್ಲಿ 108 ಕಂಬಗಳಿವೆಯೆಂದು ಎಣಿಕೆ. ಬಾಗಿಲುಗಳು ನಾಲ್ಕು, ಯಾವ ದಿಕ್ಕಿನಿಂದ ಬಂದರೂ ಅರ, ಮಲ್ಲಿ, ಮುನಿಸುವ್ರತ ಎಂಬ ಮೂವರು ತೀರ್ಥಂಕರರ ದರ್ಶನ ಒಂದೇ ಬಗೆಯಾಗಿ ದೊರೆಯುತ್ತದೆ. ಇದು ಹಿಂದುಗಡೆ, ಇದು ಮುಂದುಗಡೆ ಎಂಬ ಭೇದ ಆ ಕಟ್ಟಡಕ್ಕೆ ಇಲ್ಲ. ಅರಸನು ಕಲ್ಲನ್ನು ನಿಲ್ಲಿಸಿ ಸುಮ್ಮನಾಗಲಿಲ್ಲ. ನಿತ್ಯಪೂಜೆ ನಡೆಯಲೆಂದು ಭೂಮಿಯ ಹುಟ್ಟುವಳಿಯನ್ನೂ ಬಿಟ್ಟುಕೊಟ್ಟನು.

ಹಿರಿಯಂಗಡಿಗೆ ಹೋದರೆ ನೇಮಿನಾಥ ಬಸದಿಯ ಮುಂದೆ ಏಕಶಿಲೆಯ ಮಾನಸ್ತಂಭವನ್ನು ಕಾಣಬಹುದು. ಪೇಟೆಯಲ್ಲಿ ವೆಂಕಟರಮಣ ದೇವಸ್ಥಾನವಿದೆ. ಅದನ್ನು ಪಡುತಿರುಪತಿಯೆಂದು ಭಕ್ತರು ಕರೆಯುತ್ತಾರೆ. ಸಮೀಪದ ಅತ್ತೂರಿನಲ್ಲಿ ಸಂತ ಲಾರೆನ್ಸರ ಇಗರ್ಜಿ. 1784ರಲ್ಲಿ ಟಿಪ್ಪುವಿನ ಆಜ್ಞೆಯಿಂದ ಕರಾವಳಿಯ ಕ್ರೈಸ್ತರು ಸೆರೆಯಾಗಿ ಹೋದ ಸಂಕಟವನ್ನು ಆ ಸಭೆಯೂ ಕಂಡಿತು. ಮರಳಿ ಬಂದವರು ಮರಳಿ ಕಟ್ಟಿದರು. 2016ರಲ್ಲಿ ಅದಕ್ಕೆ ಬಸಿಲಿಕಾ ಎಂಬ ಗೌರವ ದೊರೆಯಿತು. ಜನವರಿಯ ಜಾತ್ರೆಗೆ ಎಲ್ಲ ಮತದವರೂ ಸೇರುತ್ತಾರೆ.

ಕಲ್ಲು ಕಡಿಯುವ ವಿದ್ಯೆಯೂ ಇಲ್ಲಿ ಅಳಿಯಲಿಲ್ಲ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕಾರ್ಕಳದ ಬಂಡೆಯಲ್ಲಿಯೇ ಕಡೆದವರು ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರು. 1973ರಲ್ಲಿ ಅದನ್ನು ಬಹುಚಕ್ರದ ಯಂತ್ರವಾಹನದ ಮೇಲೆ ಸಾಗಿಸಿದಾಗ ದಾರಿಯುದ್ದಕ್ಕೂ ಜನರು ಕೈಮುಗಿದು ನಿಂತರು. ಯಂತ್ರವಿಲ್ಲದ ಕಾಲದಲ್ಲಿ ವೀರಪಾಂಡ್ಯನ ಮೂರ್ತಿಯನ್ನು ಬೆಟ್ಟಕ್ಕೇರಿಸಿದ ಸಾವಿರಾರು ತೋಳುಗಳನ್ನು ಆಗ ನೆನೆದವರೂ ಇದ್ದಿರಬೇಕು. ಅವರ ಹೆಸರುಗಳನ್ನು ಯಾವ ಶಾಸನವೂ ಹೇಳುವುದಿಲ್ಲ.

ಭೈರರಸರ ರಾಜ್ಯವು ಕೆಳದಿಯವರ ಒತ್ತಡಕ್ಕೆ ಸಿಕ್ಕಿ ಕುಗ್ಗಿತು; ಹೈದರನ ಕಾಲಕ್ಕೆ ಮುಗಿದೇ ಹೋಯಿತು. ಅವರ ಬೊಕ್ಕಸದಲ್ಲಿ ಎಷ್ಟು ಹೊನ್ನಿತ್ತು, ಗಡಿ ಎಲ್ಲಿಯವರೆಗಿತ್ತು ಎಂದು ಇಂದು ಕೇಳುವವರು ವಿರಳ. ಅವರು ತಮಗೆಂದು ಇಟ್ಟುಕೊಂಡದ್ದನ್ನು ಕಾಲ ಕಸಿದುಕೊಂಡಿತು. ಊರಿಗೆಂದು ಕೊಟ್ಟ ನೀರು, ನೆಲ, ದೇಗುಲಗಳನ್ನು ಊರೇ ಕಾಯ್ದುಕೊಂಡಿತು. ಆದರೆ ಕಲ್ಲು ತಾನಾಗಿ ಉಳಿಯುವುದೆಂದು ನಾವು ಭಾವಿಸಬಾರದು. ಕೆರೆಗೆ ಹೂಳು ತುಂಬುತ್ತದೆ, ಮಳೆಗಾಲದಲ್ಲಿ ಪಾಚಿ ಹಬ್ಬುತ್ತದೆ, ಶಾಸನದ ಅಕ್ಷರ ಸವೆಯುತ್ತದೆ. ಹೂಳೆತ್ತುವವರು, ದೀಪವಿಡುವವರು, ಅಕ್ಷರವನ್ನೋದಿ ಮಕ್ಕಳಿಗೆ ಹೇಳುವವರು ತಲೆಮಾರು ತಲೆಮಾರಿಗೂ ಬೇಕು. ಕಾರ್ಕಳಕ್ಕೆ ಹೋದಾಗ ಗೊಮ್ಮಟನ ಎತ್ತರವನ್ನು ಕಂಡು ಬೆರಗಾಗೋಣ; ಬೆಟ್ಟವಿಳಿಯುವಾಗ, ನಮ್ಮ ಊರಿನ ಕೆರೆಗೂ ಗುಡಿಗೂ ನಾವೇನು ಕೊಟ್ಟೆವೆಂದು ನಮ್ಮನ್ನೇ ಒಮ್ಮೆ ಕೇಳಿಕೊಳ್ಳೋಣ.