ಹೆಸರುಳಿಯದ ಮನೆಯ ವಂಶಾವಳಿ



ಅರಸರಿಗೆ ವಂಶಾವಳಿಯುಂಟು, ಪಾಳೆಯಗಾರರಿಗೂ ಉಂಟು. ಚನ್ನಪಟ್ಟಣದ ಜಗದೇವರಾಯನ ಮನೆತನವು ಹದಿನಾರನೆಯ ಶತಮಾನದ ಕಡೆಯ ಭಾಗದಲ್ಲಿ ತಲೆಯೆತ್ತಿ 1630ರಲ್ಲಿ ಮೈಸೂರಿನವರಿಗೆ ಸೀಮೆಯನ್ನು ಕಳೆದುಕೊಂಡ ಕಥೆಯನ್ನೂ, ಮಾಗಡಿಯ ಕೆಂಪೇಗೌಡರ ಸಂತತಿಯವರು 1728ರಲ್ಲಿ ಕೋಟೆಯನ್ನು ಬಿಟ್ಟುಕೊಟ್ಟ ಕಥೆಯನ್ನೂ ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯಬಲ್ಲರು. ಆದರೆ ಅದೇ ಚನ್ನಪಟ್ಟಣದಲ್ಲಿ ಮರವನ್ನು ಕಡೆದು ಅರಗು ಹಚ್ಚಿ ಬೊಂಬೆ ಮಾಡುವವನೊಬ್ಬನ ಮುತ್ತಜ್ಜನ ತಂದೆ ಯಾರು? ಈ ಪ್ರಶ್ನೆಯು ನಮಗೆ ತಾನಾಗಿ ಹುಟ್ಟಿದುದಲ್ಲ. ತರಗತಿಯಲ್ಲಿ ಒಬ್ಬ ಹುಡುಗನು ಹುಟ್ಟಿಸಿದುದು.

ಆ ದಿನ ನಾವು ಇಂಗ್ಲೆಂಡಿನ ಸಾಮಾಜಿಕ ಚರಿತ್ರೆಯನ್ನು ಹೇಳುತ್ತಿದ್ದೆವು. ಅಲ್ಲಿ 1538ರಲ್ಲಿ ಥಾಮಸ್ ಕ್ರಾಂವೆಲ್ಲನ ಆಜ್ಞೆಯಂತೆ ಪ್ರತಿಯೊಂದು ಚರ್ಚಿನಲ್ಲಿಯೂ ನಾಮಕರಣ, ಮದುವೆ, ಶವಸಂಸ್ಕಾರಗಳನ್ನು ಬರೆದಿಡುವ ಪುಸ್ತಕ ಏರ್ಪಟ್ಟಿತು. 1837ರಿಂದ ಸರ್ಕಾರವೇ ಜನನಮರಣಗಳನ್ನು ದಾಖಲೆ ಮಾಡಿತು. 1841ರಿಂದ ಮುಂದಿನ ಜನಗಣತಿಯ ಕಾಗದಗಳನ್ನು ಹೆಸರುಸಹಿತವಾಗಿ ಕಾಪಾಡಿ, ನೂರು ವರ್ಷಗಳಾದ ಮೇಲೆ ಯಾರು ಬೇಕಾದರೂ ನೋಡಬಹುದೆಂದು ತೆರೆದಿಡುತ್ತಾರೆ. 1921ರ ಗಣತಿಯು 2022ರಲ್ಲಿ ಹಾಗೆ ತೆರೆಯಿತು. 1931ರದು ಮಾತ್ರ 1942ರಲ್ಲಿ ಬೆಂಕಿಗೆ ಆಹುತಿಯಾಯಿತು. ಆದುದರಿಂದ ಲ್ಯಾಂಕಷೈರಿನ ನೇಕಾರನ ಮೊಮ್ಮಗನ ಮೊಮ್ಮಗನು ತನ್ನ ಹಿರಿಯನು ಯಾವ ಬೀದಿಯಲ್ಲಿ ಎಷ್ಟು ಮಕ್ಕಳೊಡನೆ ಇದ್ದನು, ಅವರಲ್ಲಿ ಯಾರು ಹತ್ತು ವರ್ಷಕ್ಕೇ ಗಿರಣಿಗೆ ಹೋದರು ಎಂಬುದನ್ನೆಲ್ಲ ಕುಳಿತಲ್ಲಿಯೇ ತಿಳಿಯಬಹುದು. ಇದನ್ನು ನಾವು ಸ್ವಲ್ಪ ಉತ್ಸಾಹದಿಂದಲೇ ಹೇಳಿದೆವೆಂದು ತೋರುತ್ತದೆ. ಹಿಂದಿನ ಬೆಂಚಿನಿಂದ ಚನ್ನಪಟ್ಟಣದ ಹುಡುಗನು ಎದ್ದುನಿಂತು, "ಸಾರ್, ನಮ್ಮ ಮನೆಯದನ್ನೂ ಹೀಗೆ ಹುಡುಕಬಹುದೇ?" ಎಂದನು. ಅವನ ಮನೆಯವರು ತಲೆಮಾರುಗಳಿಂದ ಕಡಸಲು ಕೆಲಸದವರು. "ಅದು ಕಷ್ಟ, ಕುಳಿತುಕೊ" ಎಂದುಬಿಟ್ಟೆವು. ಮನೆಗೆ ಹೋಗುವ ದಾರಿಯಲ್ಲಿ ಆ ಉತ್ತರವು ನಮಗೇ ನಾಚಿಕೆಯನ್ನುಂಟುಮಾಡಿತು. ಅಮೇಲೆ ಎರಡು ಬೇಸಗೆಯ ರಜಗಳನ್ನು ಅವನೊಡನೆ ಈ ಹುಡುಕಾಟದಲ್ಲಿ ಕಳೆದೆವು. ಅದರಲ್ಲಿ ಕಂಡ ಕೆಲವು ಸಂಗತಿಗಳನ್ನು ತಮ್ಮೆದುರಿಗಿಡುತ್ತೇವೆ.

ಮೊದಲು ನಿರಾಶೆಯ ಸಂಗತಿ. ಮೈಸೂರು ಸೀಮೆಯಲ್ಲಿ ಕ್ರಮವಾದ ಜನಗಣತಿಯು 1871ರಲ್ಲಿ ಆಯಿತು. ಎಣಿಸುವವರು ಮನೆಮನೆಗೂ ಹೋಗಿದ್ದರೆಂಬುದು ನಿಜ. ಆದರೆ ಎಣಿಕೆ ಮುಗಿದ ಮೇಲೆ ಮನೆವಾರು ಕಾಗದಗಳನ್ನು ಮುಂದಿನವರಿಗಾಗಿ ಕಾದಿಡುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ. ಉಳಿದುದು ಮೊತ್ತ ಮಾತ್ರ. ಆ ಮೊತ್ತವಾದರೂ ಎಂತಹದು! 1871ರಲ್ಲಿ 50,55,412 ಜನ, 1881ರಲ್ಲಿ 41,86,188. ನಡುವೆ ಬಂದುದು ಹಳಬರು ಧಾತು ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಿದ್ದ 1876–78ರ ಕ್ಷಾಮ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆಯು ಎಂಟೂಮುಕ್ಕಾಲು ಲಕ್ಷದಷ್ಟು ಕುಗ್ಗಿತು. ಈ ಕಳೆಯುವ ಲೆಕ್ಕದಲ್ಲಿ ಯಾವ ಮನೆಯಿಂದ ಯಾರು ಹೋದರೆಂದು ಕೇಳಿದರೆ ಅಂಕಿಗಳು ಬಾಯಿ ಬಿಡುವುದಿಲ್ಲ.

ಹಾಗಾದರೆ ನಮ್ಮ ದೇಶದಲ್ಲಿ ವಂಶವನ್ನು ನೆನಪಿಡುವವರೇ ಇರಲಿಲ್ಲವೇ? ಇದ್ದರು, ಇದ್ದಾರೆ. ಮಾಗಡಿಯ ಕಡೆ ನಮ್ಮ ಮಿತ್ರರೊಬ್ಬರ ಒಕ್ಕಲುಮನೆಯಲ್ಲಿ ಸುಗ್ಗಿಯ ನಂತರ ಹೆಳವನು ಬಂದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹೆಳವರು ಹಿಂದೆ ಎತ್ತಿನ ಮೇಲೆ ಕುಳಿತು ಊರೂರು ತಿರುಗಿ, ಮನೆಯ ಮುಂದೆ ನಿಂತು ಮೂಲಪುರುಷನಿಂದ ತೊಟ್ಟಿಲಿನ ಕೂಸಿನವರೆಗೆ ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳನ್ನು ಪಡೆದು ಹೋಗುತ್ತಿದ್ದರು. ನಾವು ನೋಡಿದವನು ಬಸ್ಸಿನಲ್ಲಿ ಬಂದಿದ್ದನು, ಕೈಯಲ್ಲಿ ದಪ್ಪನೆಯ ಪುಸ್ತಕವಿದ್ದಿತು. ಆದರೆ ಹೇಳುವ ಧಾಟಿ ಹಳೆಯದೇ. ನಮ್ಮ ಮಿತ್ರರ ಹನ್ನೊಂದು ತಲೆಮಾರನ್ನು ಅವನು ಉಸಿರು ಕಟ್ಟಿ ಹೇಳಿದನು. ನಮ್ಮ ಹುಡುಗನು ಆಸೆಯಿಂದ, "ನಮ್ಮ ಕಡೆಗೂ ಬರುತ್ತೀರಾ ಅಣ್ಣ?" ಎಂದು ಕೇಳಿದನು. ಹೆಳವನು ನಕ್ಕು, "ನಮ್ಮದು ಕಣ ಇರೋ ಮನೆ ಲೆಕ್ಕ ಕಣಪ್ಪ" ಎಂದನು. ಮಾತು ಒರಟಾದರೂ ಸತ್ಯವಾದುದು. ನೆನಪಿಗೂ ಕೂಲಿಯುಂಟು. ರಾಶಿಯ ಕಾಳಿನಿಂದ ಅದನ್ನು ಸಲ್ಲಿಸಬಲ್ಲವರ ಹೆಸರು ಉಳಿಯಿತು. ಉಳಿ ಬಾಚಿ ಹಿಡಿದು ಪೇಟೆಯ ಓಣಿಯಲ್ಲಿ ಬದುಕಿದವರ ಹೆಸರು ಆ ಪುಸ್ತಕವನ್ನು ಸೇರಲಿಲ್ಲ.

ಇನ್ನು ವಿದ್ವಾಂಸರ ಗ್ರಂಥಗಳು. ರೈಸ್ ಸಾಹೇಬರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಚನ್ನಪಟ್ಟಣ, ಮಾಗಡಿ, ಕನಕಪುರದ ಶಾಸನಗಳಿವೆ. ದಾನ ಕೊಟ್ಟವನ ಹೆಸರು, ಪಡೆದವನ ಹೆಸರು ಅಲ್ಲಿ ಧಾರಾಳವಾಗಿವೆ. ವೀರಗಲ್ಲುಗಳಲ್ಲಿ ತುರುಗಳನ್ನು ಕಾಯಲು ಹೋಗಿ ಸತ್ತ ಸಾಮಾನ್ಯನ ಹೆಸರೂ ಒಮ್ಮೊಮ್ಮೆ ಕಾಣುತ್ತದೆ. ಕಸುಬಿನವನು ಬಾಳಿ ಸತ್ತರೆ ಕಲ್ಲು ನೆಡುವವರಿಲ್ಲ. 1800ರಲ್ಲಿ ಈ ದಾರಿಯಾಗಿ ಬಂದ ಡಾಕ್ಟರ್ ಫ್ರಾನ್ಸಿಸ್ ಬುಕನನ್ನನು ಕಸುಬುಗಳ ವಿಷಯದಲ್ಲಿ ಬಹಳ ಕುತೂಹಲಿ. ಚನ್ನಪಟ್ಟಣದಲ್ಲಿ ಗಾಜಿನ ಬಳೆ ಮಾಡುವುದನ್ನೂ, ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುವುದನ್ನೂ ಅವನು ಗುರುತುಮಾಡಿಕೊಂಡನು. ಬಹು ಬಿಳುಪಾದ ಸಕ್ಕರೆಯನ್ನು ಮಾಡುವ ಗುಟ್ಟು ಅಲ್ಲಿ ಒಂದು ಮನೆತನದ ಕೈಯಲ್ಲಿಯೇ ಇದ್ದಿತೆಂದೂ ತಿಳಿಸಿದನು. ವೀಣೆಯ ತಂತಿಯನ್ನು ಮೀಟುವಾಗ ಅದನ್ನು ಎಳೆದವನ ನೆನಪು ಯಾರಿಗೆ ಬಂದೀತು? ಆ ಸಕ್ಕರೆಯೂ ಇಲ್ಲ, ಗುಟ್ಟೂ ಇಲ್ಲ. "ಒಂದು ಮನೆತನ" ಎಂಬ ಮಾತೊಂದು ಉಳಿದಿದೆ.

ಹೀಗೆ ಎಲ್ಲ ಬಾಗಿಲುಗಳೂ ಮುಚ್ಚಿರಲಾಗಿ ಕೊನೆಗೆ ನಾವು ತಟ್ಟಿದುದು ಹುಡುಗನ ಮನೆಯ ಬಾಗಿಲನ್ನೇ. ಅದನ್ನು ಮೊದಲು ತಟ್ಟಬೇಕಾಗಿತ್ತು.

ಆ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯಿದ್ದಾರೆ. ಮನೆಯವರು ದಾದಿ ಎನ್ನುತ್ತಾರೆ. ಮುಂದಿನ ಕೋಣೆಯಲ್ಲಿ ಮಗನು ವಿದ್ಯುಚ್ಛಕ್ತಿಯ ಯಂತ್ರದಲ್ಲಿ ಹಾಲೆಮರದ ತುಂಡನ್ನು ತಿರುಗಿಸಿ, ಅರಗಿನ ಕಡ್ಡಿಯನ್ನು ಒತ್ತಿ, ಹುಟ್ಟಿದ ಬಿಸಿಯಿಂದಲೇ ಬಣ್ಣವನ್ನು ಹತ್ತಿಸಿ, ಕೇದಗೆಯ ಗರಿಯಿಂದ ಉಜ್ಜಿ ಹೊಳಪು ತರುತ್ತಾನೆ. ದಾದಿಯ ಮಾವನ ಕಾಲಕ್ಕೆ ಯಂತ್ರವಿರಲಿಲ್ಲ. ಹಗ್ಗ ಸುತ್ತಿದ ಬಿಲ್ಲನ್ನು ಒಂದು ಕೈಯಿಂದ ಎಳೆಯುತ್ತ ಇನ್ನೊಂದು ಕೈಯಲ್ಲಿ ಉಳಿ ಹಿಡಿಯಬೇಕು. ಈ ಕಸುಬನ್ನು ಟಿಪ್ಪು ಸುಲ್ತಾನನು ಪರ್ಷಿಯದಿಂದ ಕುಶಲಿಗಳನ್ನು ಕರೆಸಿ ಕಲಿಸಿದನೆಂಬುದು ಊರಿನ ಐತಿಹ್ಯ. ತಮ್ಮ ಹಿರಿಯರು ಆ ಪರ್ಷಿಯದವರೇ ಎಂದು ಹುಡುಗನ ತಂದೆಯು ಹೆಮ್ಮೆಪಟ್ಟನು. ನಾವು ಅಲ್ಲಗಳೆಯಲಿಲ್ಲ. ಇಂಗ್ಲೆಂಡಿನಲ್ಲಿಯೂ ಕಲ್ಲಿದ್ದಲಿನ ಗಣಿಯವನ ಮನೆಯಲ್ಲಿ ತಮ್ಮ ಮೂಲಪುರುಷನು ವಿಲಿಯಮ್ ದೊರೆಯೊಡನೆ ನಾರ್ಮಂಡಿಯಿಂದ ಬಂದವನೆಂದು ಹೇಳಿಕೊಳ್ಳುವುದುಂಟಂತೆ. ಬಡವನು ತನ್ನ ಹಿರಿಯನನ್ನು ದೂರದಿಂದ ಕರೆತರುವುದರಲ್ಲಿ ತಪ್ಪೇನಿದೆ? ಆದರೆ ಹುಡುಕುವವನು ಇಂದಿನಿಂದ ಹಿಂದಕ್ಕೆ ಒಂದೊಂದೇ ಮೆಟ್ಟಿಲಿಳಿಯಬೇಕೇ ಹೊರತು ಪರ್ಷಿಯದಿಂದ ಮುಂದಕ್ಕೆ ಬರಕೂಡದು.

ದಾದಿಯು ತಗಡಿನ ಪೆಟ್ಟಿಗೆಯೊಂದರಿಂದ ಮಡಿಕೆ ಬಿಚ್ಚಿದರೆ ಹರಿಯುವಂತಹ ಕಾಗದವನ್ನು ತೆಗೆದರು. ಅದು ಕನ್ನಡದಲ್ಲಿ ಬರೆದ ಸಾಲದ ಪತ್ರ. ಅರಗು ಮತ್ತು ಮರಕ್ಕಾಗಿ ನಲವತ್ತು ರೂಪಾಯಿ ಸಾಲ, ಮನೆ ಆಧಾರ. ಕೆಳಗೆ ಚಿತ್ರಭಾನು ಸಂವತ್ಸರವೆಂದಿದೆ, ಇಸವಿಯಿಲ್ಲ. ಸಾಲಗಾರನ ಹೆಸರನ್ನು ಓದಿದ ಕೂಡಲೇ ದಾದಿಯು, "ಇದು ನಮ್ಮ ಮಾವನವರದು, ಮೇಷ್ಟ್ರೇ" ಎಂದರು. ನಾವೂ ಒಪ್ಪಿದೆವು, ಏಕೆಂದರೆ ಚಿತ್ರಭಾನುವು 1942ರಲ್ಲಿ ಬಂದಿತ್ತು, ಅವರ ಮಾವನಿಗೆ ಆಗ ಮೂವತ್ತು ವಯಸ್ಸು. ಆದರೆ ಸಂವತ್ಸರವು ಅರುವತ್ತು ವರ್ಷಕ್ಕೊಮ್ಮೆ ಮರಳಿ ಬರುವ ಅತಿಥಿ. ಅದು 1882ರಲ್ಲಿಯೂ ಬಂದಿತ್ತು, 1822ರಲ್ಲಿಯೂ ಬಂದಿತ್ತು. ಚೆಕ್ಕುಬಂದಿಯಲ್ಲಿ ಮೂಡಲಿಗೆ ರೈಲು ಸ್ಟೇಷನ್ನಿಗೆ ಹೋಗುವ ದಾರಿಯೆಂದಿರುವುದರಿಂದ 1822 ಬಿದ್ದುಹೋಯಿತು. ಬೆಂಗಳೂರಿನಿಂದ ರೈಲು ಚನ್ನಪಟ್ಟಣಕ್ಕೆ ಬಂದುದು 1881ರಲ್ಲಿ. ಉಳಿದ ಎರಡರಲ್ಲಿ ಯಾವುದು?

ಇದನ್ನು ಬಿಡಿಸಿದುದು ಶಾಲೆಯ ದಾಖಲಾತಿ ಪುಸ್ತಕ. ಅದರಲ್ಲಿ 1919ರಲ್ಲಿ ಸೇರಿದ ಏಳು ವರ್ಷದ ಹುಡುಗನ ಹೆಸರಿದೆ. ದಾದಿಯ ಮಾವನೇ ಸರಿ. ತಂದೆಯ ಹೆಸರಿನ ಮುಂದೆ "ಮೃತ" ಎಂದಿದೆ. ಹಿಂದಿನ ವರ್ಷ 1918ರಲ್ಲಿ ಇನ್‌ಫ್ಲುಯೆಂಜಾ ಜ್ವರವು ಸೀಮೆಯನ್ನೆಲ್ಲ ಹೊಡೆದಿತ್ತು. ತಮ್ಮ ಮಾವನು ಜ್ವರದ ವರ್ಷದಲ್ಲಿ ತಬ್ಬಲಿಯಾದವನೆಂಬ ದಾದಿಯ ಮಾತಿಗೆ ಇದು ಹೊಂದಿತು. ಈಗ ಪತ್ರದಲ್ಲಿ ಸಾಲಗಾರನ ಹೆಸರಿನ ಮುಂದೆ "ಬಿನ್" ಎಂದು ಹಾಕಿ ಬರೆದ ತಂದೆಯ ಹೆಸರನ್ನು ನೋಡಿದೆವು. ಅದು ಶಾಲೆಯ ಪುಸ್ತಕದ ತಂದೆಯ ಹೆಸರಲ್ಲ! ಎಂದರೆ ಪತ್ರದಲ್ಲಿರುವವನು ಮಾವನಲ್ಲ. ಮಾವನಿಗೆ ಯಾರ ಹೆಸರನ್ನು ಇಟ್ಟಿದ್ದರೋ ಆ ಅಜ್ಜ. ಪತ್ರವು 1882ರದು. ಮಹಾಶಯರೇ, ಒಂದು "ಬಿನ್" ಎಂಬ ಶಬ್ದದಿಂದ ಆ ಮನೆಗೆ ಎರಡು ತಲೆಮಾರುಗಳು ದೊರೆತವು: ಸಾಲ ಮಾಡಿದವನು, ಮತ್ತು ಕ್ಷಾಮಕ್ಕೆ ಬಹಳ ಹಿಂದೆಯೇ ಹುಟ್ಟಿದ್ದ ಅವನ ತಂದೆ. ಕ್ಷಾಮ ಕಳೆದು ನಾಲ್ಕು ವರ್ಷಕ್ಕೆ ಅವರಿಗೆ ಆಧಾರವಿಡಲು ಮನೆಯಿತ್ತು, ಮತ್ತೆ ಕಸುಬು ಹೂಡುವ ಧೈರ್ಯವಿತ್ತು. ಪತ್ರದ ತುದಿಯನ್ನು ಹರಿದಿದ್ದಾರೆ. ಸಾಲ ತೀರಿತೆಂಬ ಗುರುತು. ದಾದಿಯು ಬಹಳ ಹೊತ್ತು ಆ ಹರಿದ ತುದಿಯನ್ನೇ ಸವರುತ್ತಿದ್ದರು.

ಹೆಣ್ಣುಮಕ್ಕಳ ಕಡೆಯದು ಇದಕ್ಕಿಂತ ಕಷ್ಟ. ದಾದಿಯ ತವರು ರಾಮನಗರ. ಅವರ ತಾಯಿಯು ಕುದಿಯುವ ನೀರಿನ ಬಾಣಲೆಯಿಂದ ರೇಷ್ಮೆಗೂಡಿನ ಎಳೆ ತೆಗೆಯುತ್ತಿದ್ದವರು. ಬೆರಳಿನ ತುದಿಗಳು ಸದಾ ಬೆಂದು ಬಿಳಿಚಿರುತ್ತಿದ್ದವಂತೆ. ರೇಷ್ಮೆಯ ಚರಿತ್ರೆಯಲ್ಲಿ ಟಿಪ್ಪುವಿನ ಹೆಸರುಂಟು, ಬೆಂಗಳೂರಿನಲ್ಲಿ ರೇಷ್ಮೆ ತೋಟವನ್ನು ಹಾಕಿದ ಜಮ್‌ಷೆಟ್‌ಜಿ ತಾತಾ ಅವರ ಹೆಸರುಂಟು, ಚನ್ನಪಟ್ಟಣದ ಸರ್ಕಾರಿ ತೋಟಕ್ಕೆ ಬಂದ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯ ಹೆಸರೂ ಉಂಟು. ಎಳೆ ತೆಗೆದವಳ ಹೆಸರು ಎಲ್ಲಿ? ನಮಗೆ ಅದು ಸಿಕ್ಕಿದುದು ಮಸೀದಿಯ ನಿಕಾಹದ ಪುಸ್ತಕದಲ್ಲಿ. ಅಲ್ಲಿ ವಧುವಿನ ಹೆಸರನ್ನೂ ಅವಳ ತಂದೆಯ ಹೆಸರನ್ನೂ ಬರೆಯಲೇಬೇಕು. ಈ ಒಂದು ವಿಷಯದಲ್ಲಿ ಆ ಪುಸ್ತಕವು ನಮ್ಮ ಹೆಳವನ ಪುಸ್ತಕಕ್ಕಿಂತ ಉದಾರವಾದುದೆಂದು ನಮಗೆ ಕಂಡಿತು.

ಇಲ್ಲಿ ಹುಡುಕುವವರಿಗೆ ಒಂದು ಎಚ್ಚರಿಕೆ. ಆ ಪುಸ್ತಕದಲ್ಲಿ ರಾಮನಗರವೆಂಬ ಊರೇ ಇಲ್ಲ, ಇರುವುದು ಕ್ಲೋಸ್‌ಪೇಟೆ. ದಿವಾನ್ ಪೂರ್ಣಯ್ಯನವರು 1800ರಲ್ಲಿ ಪೇಟೆಯನ್ನು ಕಟ್ಟಿಸಿ ರೆಸಿಡೆಂಟರಾದ ಬ್ಯಾರಿ ಕ್ಲೋಸರ ಹೆಸರಿಟ್ಟರು. ಹಾಗೆಯೇ ಕನಕಪುರವು ಹಳೆಯ ಕಾಗದಗಳಲ್ಲಿ ಕಾನಕಾನಹಳ್ಳಿ. ಜಿಲ್ಲೆಯ ಹೆಸರಂತೂ ಬೆಂಗಳೂರು, 1986ರಿಂದ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಬದಲಾಗುತ್ತ ಬಂದಿದೆ. ಮನೆ ಕದಲದಿದ್ದರೂ ವಿಳಾಸ ಕದಲುತ್ತದೆ.

ದಾದಿಯ ತಾಯಿಯ ಹಿರಿಯರು ಕನಕಪುರದವರೆಂದೂ, ಊರಿಗೆ ಬೆಂಕಿ ಬಿದ್ದಾಗ ಗಂಟುಮೂಟೆ ಕಟ್ಟಿಕೊಂಡು ಬಂದವರೆಂದೂ ಮನೆಯಲ್ಲಿ ಮಾತಿದೆ. ಇಂಗ್ಲಿಷರ ದಂಡು ಶ್ರೀರಂಗಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಅವರಿಗೆ ಏನೂ ದೊರೆಯಬಾರದೆಂದು ಟಿಪ್ಪುವು ಆ ಊರನ್ನು ಎರಡು ಬಾರಿ ಹಾಳುಮಾಡಿಸಿದನೆಂದು ಗೆಜೆಟಿಯರಿನಲ್ಲಿದೆ. ಮಾತಿಗೂ ಗ್ರಂಥಕ್ಕೂ ಹೊಂದಿಕೆಯೇನೋ ಇದೆ. ಆದರೆ ನಡುವಿನ ನಾಲ್ಕೈದು ತಲೆಮಾರಿನ ಮೆಟ್ಟಿಲುಗಳಿಲ್ಲ. ಆದುದರಿಂದ ಹುಡುಗನು ತನ್ನ ಪಟ್ಟಿಯಲ್ಲಿ ಅದನ್ನು ಸೀಸದ ಕಡ್ಡಿಯಿಂದ ಬರೆದಿದ್ದಾನೆ, ಶಾಯಿಯಿಂದಲ್ಲ. ಇದನ್ನು ನಾವು ಹೇಳಿಕೊಟ್ಟುದಲ್ಲ.

ಚನ್ನಪಟ್ಟಣದ ಬೊಂಬೆಗೆ 2005–06ರಲ್ಲಿ ಭೌಗೋಳಿಕ ಗುರುತಿನ ದಾಖಲೆ ದೊರೆಯಿತು. ಅದರಿಂದ ಊರಿಗೆ ಗೌರವವೂ ಬಂದಿತು, ಹೊರಗಿನ ನಕಲುಗಳಿಗೆ ತಡೆಯೊಡ್ಡಲು ಕಾನೂನಿನ ಬಲವೂ ಬಂದಿತು. ಹುಡುಗನ ಪಟ್ಟಿಯಾದರೋ ಒಂದು ಹಾಳೆ. ತಂದೆಯ ಕಡೆ ತನ್ನನ್ನೂ ಸೇರಿಸಿ ಏಳು ಹೆಸರು, ಹೆಂಗಸರದು ಮೂರು. ಅದನ್ನು ಓದಿ ಹೇಳಿದಾಗ ದಾದಿಯು ನಡುವೆ ತಡೆದು, "ನಮ್ಮ ಅತ್ತೆ ಎಲ್ಲಿ?" ಎಂದು ಕೇಳಿದರು. ಕೇದಗೆಯ ಗರಿಯನ್ನು ಹಿಡಿಯುವ ಬಗೆಯನ್ನು ಅವರಿಗೆ ಕಲಿಸಿದವಳು ಆ ಅತ್ತೆಯೇ. ಮದುವೆಯಾಗಿ ಬಂದಾಗಿನಿಂದ "ಅಮ್ಮಾ" ಎಂದೇ ಕರೆದುದರಿಂದ ಹೆಸರು ದಾದಿಗೆ ತಿಳಿಯದು. ನಿಕಾಹದ ಪುಸ್ತಕದ ಆ ಭಾಗವನ್ನು ಗೆದ್ದಲು ತಿಂದಿದೆ. ಮನೆಯ ಕ್ರಯಪತ್ರವೊಂದು ಅವಳ ಸಹಿಯೊಡನೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇರಬಹುದೆಂದು ಹುಡುಗನ ತಂದೆಯ ಊಹೆ. ಅರ್ಜಿ ಹಾಕಿದ್ದೇವೆ. ಹಾಳೆಯಲ್ಲಿ ಆ ಜಾಗವನ್ನು ಖಾಲಿ ಬಿಟ್ಟು, ಸುತ್ತಲೂ ಗೆರೆ ಎಳೆದು ಇಟ್ಟುಕೊಂಡಿದ್ದೇವೆ.