ಎದೆಯ ಹೊಲಿಗೆ, ರಕ್ತದ ಸಕ್ಕರೆ



ಬೈಪಾಸ್ ಮಾಡಿಸಿಕೊಂಡು ಬಂದವರನ್ನು ಮಾತಾಡಿಸಲು ಹೋದರೆ ನಾವು ಕೇಳುವುದು ಎರಡೇ ಮಾತು: ಎಷ್ಟು ಬ್ಲಾಕ್ ಇತ್ತು, ಎಷ್ಟು ಖರ್ಚಾಯ್ತು. ಹೊಲಿಗೆ ಹೇಗಿದೆ, ಶುಗರ್ ಎಷ್ಟಿದೆ ಎಂದು ಕೇಳುವವರು ಕಡಿಮೆ. ಸಕ್ಕರೆ ಕಾಯಿಲೆ ಇದ್ದವರ ಮಟ್ಟಿಗೆ ಈ ಎರಡು ಪ್ರಶ್ನೆಗಳೇ ದೊಡ್ಡವು, ಏಕೆಂದರೆ ಅವರ ಗಾಯ ಬೇಗ ಮಾಯುವುದಿಲ್ಲ.

ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಜೋಡಿಸುವ ಕ್ರಮವನ್ನು ಅರ್ಜೆಂಟೀನಾದ ರೆನೆ ಫಾವಲೊರೊ 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಶುರುಮಾಡಿದರು. ಭಾರತದಲ್ಲಿ ಮೊದಲ ಬೈಪಾಸ್ ಮಾಡಿದವರು ಡಾ. ಕೆ.ಎಂ. ಚೆರಿಯನ್, 1975ರಲ್ಲಿ, ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ. ಈಗ ಚನ್ನಗಿರಿ, ಜಗಳೂರು ಕಡೆಯವರು ದಾವಣಗೆರೆಯಲ್ಲೋ ಬೆಂಗಳೂರಿನ ಜಯದೇವದಲ್ಲೋ ಆಪರೇಷನ್ ಮುಗಿಸಿ ವಾರ ಹತ್ತು ದಿನಕ್ಕೆಲ್ಲ ಮನೆಗೆ ಬರುತ್ತಾರೆ.

ಗಾಯ ಮಾಯುವುದು ಕಷ್ಟ ಅನ್ನುವುದಾದರೆ ಶುಗರ್ ಇದ್ದವರಿಗೆ ಎದೆ ತೆರೆಯುವುದೇ ಬೇಡವಲ್ಲ ಎಂದು ನೀವು ಕೇಳಬಹುದು. 1,900 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಫ್ರೀಡಂ ಅಧ್ಯಯನ ಬೇರೆಯದನ್ನೇ ಹೇಳಿತು. ಸಕ್ಕರೆ ಕಾಯಿಲೆಯ ಜೊತೆಗೆ ಹಲವು ನಾಳಗಳು ಕಟ್ಟಿದ್ದರೆ ಸ್ಟೆಂಟ್‌ಗಿಂತ ಬೈಪಾಸೇ ಮೇಲು. ಇಕ್ಕಟ್ಟು ಇರುವುದೇ ಇಲ್ಲಿ. ಆಪರೇಷನ್ ಯಾರಿಗೆ ಹೆಚ್ಚು ಬೇಕೋ ಅವರ ಗಾಯವೇ ತಡವಾಗಿ ಮಾಯುವುದು.

ಕಾರಣ ಹೇಳುತ್ತೇನೆ. ರಕ್ತದಲ್ಲಿ ಸಕ್ಕರೆ ಏರಿದಾಗ ಕ್ರಿಮಿಗಳನ್ನು ನುಂಗಬೇಕಾದ ಬಿಳಿ ರಕ್ತಕಣಗಳು ಮಂದವಾಗುತ್ತವೆ. ವರ್ಷಾನುಗಟ್ಟಲೆ ಶುಗರ್ ಇದ್ದವರಲ್ಲಿ ಸಣ್ಣ ರಕ್ತನಾಳಗಳೂ ಕೆಟ್ಟಿರುತ್ತವೆ. ಇದರ ಮೇಲೆ ಇನ್ನೊಂದಿದೆ. ಎದೆಮೂಳೆಯನ್ನು ಉದ್ದಕ್ಕೆ ಸೀಳಿ, ಅದರ ಹಿಂದಿನ ರಕ್ತನಾಳವನ್ನೇ ಬಿಡಿಸಿಕೊಂಡು ಹೃದಯಕ್ಕೆ ಹೊಲಿಯುತ್ತಾರೆ. ಹೃದಯಕ್ಕೆ ಅದು ಬಹುಕಾಲ ಬಾಳುವ ನಾಳ, ಆದರೆ ಮೂಳೆಗೆ ರಕ್ತ ತರುತ್ತಿದ್ದುದೂ ಅದೇ. ಸೂಳೆಕೆರೆಯ ನಾಲೆಯನ್ನು ಮೇಲೆಯೇ ತಿರುಗಿಸಿಕೊಂಡರೆ ಕೊನೆಯ ಗದ್ದೆಯ ಗತಿ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಎಡ ಬಲ ಎರಡೂ ನಾಳ ತೆಗೆದರೆ ಸಕ್ಕರೆ ಕಾಯಿಲೆಯವರಲ್ಲಿ ಸೋಂಕಿನ ಅಪಾಯ ಇನ್ನೂ ಹೆಚ್ಚು. ಸೋಂಕು ಮೂಳೆಯ ಆಳಕ್ಕೆ ಇಳಿದರೆ ಎದೆ ಮತ್ತೆ ತೆರೆದು, ಕೊಳೆತದ್ದನ್ನು ತೆಗೆದು, ಎದೆಯ ಸ್ನಾಯುವನ್ನೋ ಹೊಟ್ಟೆಯೊಳಗಿನ ಕೊಬ್ಬಿನ ಪೊರೆಯನ್ನೋ ತಂದು ಮುಚ್ಚಬೇಕಾಗುತ್ತದೆ. ಹೀಗಾಗುವುದು ನೂರರಲ್ಲಿ ಕೆಲವರಿಗೆ ಮಾತ್ರ, ಆದರೆ ಅವರಲ್ಲಿ ಎಲ್ಲರೂ ಉಳಿಯುವುದಿಲ್ಲ.

ಈ ಸೋಂಕನ್ನು ತಡೆಯಲು ಬರುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಆಂಟನಿ ಫರ್ನರಿ ಮತ್ತು ಸಂಗಡಿಗರು ಆಗೊಮ್ಮೆ ಈಗೊಮ್ಮೆ ಚುಚ್ಚುತ್ತಿದ್ದ ಇನ್ಸುಲಿನ್ನನ್ನು ರಕ್ತನಾಳದ ಮೂಲಕ ಒಂದೇ ಸಮನೆ ಹರಿಸಿ ನೋಡಿದರು. ಆಳದ ಸೋಂಕು ನೂರಕ್ಕೆ 2ರಿಂದ 0.8ಕ್ಕೆ ಇಳಿಯಿತು. 1999ರಲ್ಲಿ ಬಂದ ವರದಿ ಇದು. ಹಾಗೆಂದು ಸಕ್ಕರೆಯನ್ನು ಪಾತಾಳಕ್ಕೆ ಇಳಿಸಬಾರದು. ತೀವ್ರ ನಿಗಾ ಘಟಕದ ರೋಗಿಗಳಲ್ಲಿ ಅತಿ ಬಿಗಿ ಹಿಡಿದರೆ ಸಾವೇ ಹೆಚ್ಚು ಎಂದು 2009ರ ನೈಸ್-ಶುಗರ್ ಅಧ್ಯಯನ ತೋರಿಸಿತು. 180ರೊಳಗೆ ಇರಲಿ ಎನ್ನುವುದು ಈಗಿನ ರೂಢಿ.

ಇದು ಆಸ್ಪತ್ರೆಯ ಪಾಲಿನ ಕೆಲಸ. ಮನೆಯ ಪಾಲಿನದು ಇನ್ನೂ ದೊಡ್ಡದು ಎನ್ನುವುದು ನನ್ನ ಅಭಿಪ್ರಾಯ. ಇನ್ಸುಲಿನ್ ಒಮ್ಮೆ ಹಿಡಿದರೆ ಬಿಡೋ ಹಾಗಿಲ್ಲ ಅನ್ನುವ ಹೆದರಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಆಪರೇಷನ್ನಿನ ಆಸುಪಾಸು ಕೊಡುವ ಇನ್ಸುಲಿನ್ ಎಷ್ಟೋ ಜನರಿಗೆ ಆಮೇಲೆ ನಿಲ್ಲುತ್ತದೆ. ನಿಲ್ಲದಿದ್ದರೂ ಕೀವಿಗಿಂತ ಸೂಜಿ ವಾಸಿ. ಬೀಡಿ ಸೇದುವವರು ದಿನ ಗೊತ್ತಾದ ಕೂಡಲೇ ಬಿಡಬೇಕು. ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಡಾಕ್ಟರಿಗೆ ತೋರಿಸಬೇಕು. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಕೆಲವು ಹೊಸ ಮಾತ್ರೆಗಳನ್ನು ಮೂರು ನಾಲ್ಕು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ.

ಮನೆಗೆ ಬಂದ ಮೇಲೆ ಗಾಯಕ್ಕೆ ಅರಿಶಿನ, ಕಾಫಿಪುಡಿ, ಸೊಪ್ಪಿನ ರಸ ಯಾವುದೂ ಬೇಡ. ಅಡಿಕೆ ಕೊಯ್ಲು ನಡೆದಿದೆ ಎಂದು ಚೀಲಕ್ಕೆ ಕೈ ಹಾಕಬೇಡಿ. ಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು. ರಂಜಾನ್ ಉಪವಾಸವಿರಲಿ ಏಕಾದಶಿಯಿರಲಿ, ಡಾಕ್ಟರನ್ನು ಕೇಳದೆ ಹಿಡಿಯಬೇಡಿ. ಎಲ್ಲರೂ ಮರೆಯುವುದು ಕಾಲನ್ನು. ನಾಳ ತೆಗೆದ ಕಾಲು ಬಾಯುತ್ತದೆ, ಶುಗರಿನಿಂದ ಮರಗಟ್ಟಿದ ಪಾದಕ್ಕೆ ನೋವೂ ತಿಳಿಯುವುದಿಲ್ಲ. ದಿನಾ ಒಬ್ಬರು ಆ ಹೊಲಿಗೆಯನ್ನೂ ಪಾದವನ್ನೂ ನೋಡಲಿ. ಗದ್ದೆಗೆ ಬರಿಗಾಲಲ್ಲಿ ಇಳಿಯುವುದಂತೂ ಬೇಡ.

ಸೋಂಕು ಬಹಳ ಸಲ ಕಾಣಿಸಿಕೊಳ್ಳುವುದು ಆಸ್ಪತ್ರೆಯಿಂದ ಬಂದ ಮೇಲೆ. ಶುಗರ್ ಇದ್ದವರಿಗೆ ಜ್ವರವೇ ಬಾರದಿರಬಹುದು. ಕೆಮ್ಮಿದಾಗ ಎದೆಯಲ್ಲಿ ಕಟಕ್ ಎಂದರೆ, ಹೊಲಿಗೆ ಕೆಂಪಾಗಿ ನೀರು ಜಿನುಗಿದರೆ, ಕಾರಣವಿಲ್ಲದೆ ಶುಗರ್ ಏರುತ್ತಲೇ ಹೋದರೆ, ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿ ಕಾಯಬೇಡಿ. ಆಪರೇಷನ್ ಮಾಡಿದ ಆಸ್ಪತ್ರೆಗೆ ಅವತ್ತೇ ಹೊರಡಿ, ಡಿಸ್‌ಚಾರ್ಜ್ ಚೀಟಿ ಕೈಯಲ್ಲಿರಲಿ.